ಉಣ್ಣೆ ಜ್ವರ ಬಂದ ಕರುವಿನ ರಕ್ತದ ವರದಿಯನ್ನು ಓದುವ ಬಗೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಮುಂಗಾರು ಕಾಲಿಡುವ ಹೊತ್ತಿಗೆ ಹೈನುಗಾರರು ಕೇಳುವ ಪ್ರಶ್ನೆ ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಿಶ್ರತಳಿಯ ಕರುವಿಗೆ ಜೋರು ಜ್ವರ ಬಂದಿರುತ್ತದೆ, ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಎಂದಿರುತ್ತಾರೆ, ಪೇಟೆಯ ಲ್ಯಾಬಿನಿಂದ ಎರಡು ಹಾಳೆಯ ವರದಿ ಬಂದಿರುತ್ತದೆ. ಅದರ ಫೋಟೊ ಕಳಿಸಿ, ‘ಎಲ್ಲದರ ಮುಂದೆಯೂ ಕಡಿಮೆ ಅಂತ ಬಿದ್ದಿದೆ, ಕರು ಉಳಿಯುತ್ತಾ ಸಾರ್?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಒಂದು ಅಂಕಿಯನ್ನು ನೋಡಿ ಉತ್ತರಿಸಲು ಬರುವುದಿಲ್ಲ. ಕರುವಿನ ವಯಸ್ಸು, ಜ್ವರ ಬಂದು ಎಷ್ಟು ದಿನವಾಯಿತು ಎಂಬುದು, ರಕ್ತ ತೆಗೆದ ರೀತಿ ಮತ್ತು ಎರಡು ವರದಿಗಳ ನಡುವಿನ ವ್ಯತ್ಯಾಸ, ಈ ನಾಲ್ಕನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಆ ಹಾಳೆ ಉಪಯೋಗಕ್ಕೆ ಬರುತ್ತದೆ. ಈ ಲೇಖನ ಪಶುವೈದ್ಯರ ಬದಲಿಗೆ ನೀವೇ ಚಿಕಿತ್ಸೆ ಮಾಡಲೆಂದು ಬರೆದದ್ದಲ್ಲ. ವೈದ್ಯರ ಮುಂದೆ ಸರಿಯಾದ ಮಾದರಿಯನ್ನೂ ಸರಿಯಾದ ಮಾಹಿತಿಯನ್ನೂ ಇಡಲು, ಅವರು ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ಬರೆದದ್ದು.

ಬೇಕಾದ ವಸ್ತುಗಳು ಹೆಚ್ಚೇನಿಲ್ಲ. ಗುದದ್ವಾರದಲ್ಲಿ ಇಟ್ಟು ನೋಡುವ ಒಂದು ಥರ್ಮಾಮೀಟರ್, ನೇರಳೆ ಮುಚ್ಚಳದ ಮತ್ತು ಕೆಂಪು ಮುಚ್ಚಳದ ರಕ್ತದ ಟ್ಯೂಬುಗಳು, ಸಾಧ್ಯವಾದರೆ ಬೂದು ಮುಚ್ಚಳದ್ದೊಂದು, ನಾಲ್ಕು ಸ್ವಚ್ಛವಾದ ಗಾಜಿನ ಸ್ಲೈಡುಗಳು, ಐಸ್ ಪ್ಯಾಕ್ ಇಟ್ಟ ಸಣ್ಣ ಡಬ್ಬಿ, ದಿನಾಂಕ ಬರೆದಿಡಲು ಒಂದು ನೋಟ್‌ಬುಕ್ ಇದ್ದರೆ ಸಾಕು.

1. ಮೊದಲು ರೋಗ ನಡೆಯುವ ದಾರಿಯನ್ನು ತಿಳಿದುಕೊಳ್ಳಿ

ನಮ್ಮ ಭಾಗದಲ್ಲಿ ಉಣ್ಣೆ, ಅಂದರೆ ಉಣುಗು, ಕಚ್ಚುವುದರಿಂದ ಕರುಗಳಿಗೆ ಬರುವ ರೋಗಗಳಲ್ಲಿ ಥೈಲೇರಿಯೋಸಿಸ್ ಮುಖ್ಯವಾದದ್ದು. ಇದನ್ನು ತರುವುದು ಥೈಲೇರಿಯಾ ಆನ್ಯುಲೇಟಾ ಎಂಬ ಏಕಕೋಶ ಪರಾವಲಂಬಿ. ಅದನ್ನು ಹೊತ್ತು ತರುವುದು ಹಯಲೋಮಾ ಜಾತಿಯ ಉಣ್ಣೆ. ಕಂದು ಮೈ, ಉದ್ದವಾದ ಬಾಯಿಭಾಗ, ಕಾಲುಗಳ ಮೇಲೆ ಬಿಳಿಚು ಪಟ್ಟಿ ಇರುವ ಈ ಉಣ್ಣೆ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಗೋದಲಿಯ ಸಂದಿನಲ್ಲಿ ಅಡಗಿರುತ್ತದೆ.

ಉಣ್ಣೆಯ ಜೊಲ್ಲಿನೊಂದಿಗೆ ಒಳಸೇರಿದ ಪರಾವಲಂಬಿ ಮೊದಲು ಬಿಳಿ ರಕ್ತಕಣಗಳನ್ನು ಹೊಕ್ಕು, ಆ ಕಣಗಳನ್ನೇ ಹುಚ್ಚಾಪಟ್ಟೆ ವಿಭಜನೆಯಾಗುವಂತೆ ಮಾಡುತ್ತದೆ. ಈ ಹಂತದಲ್ಲಿ ದುಗ್ಧರಸ ಗ್ರಂಥಿಗಳು, ಅಂದರೆ ಹೆಗಲ ಮುಂದೆ ಮತ್ತು ತೊಡೆಯ ಮುಂದೆ ಚರ್ಮದಡಿ ಕೈಗೆ ಸಿಗುವ ಗಂಟುಗಳು, ಊದಿಕೊಳ್ಳುತ್ತವೆ. ಎರಡನೆಯ ಹಂತದಲ್ಲಿ ಪರಾವಲಂಬಿ ಕೆಂಪು ರಕ್ತಕಣಗಳನ್ನು ಸೇರುತ್ತದೆ. ಆಗ ಗುಲ್ಮ ಅಥವಾ ಸ್ಪ್ಲೀನ್ ಮುಂತಾದ ಅಂಗಗಳು ಆ ಕಣಗಳನ್ನು ಹಾಳಾದವೆಂದು ಗುರುತಿಸಿ ನುಂಗತೊಡಗುತ್ತವೆ ಮತ್ತು ರಕ್ತಹೀನತೆ ಶುರುವಾಗುತ್ತದೆ. ಮೊದಲ ಹಂತದಲ್ಲಿ ಜ್ವರ ಮತ್ತು ಗಂಟು, ಎರಡನೆಯ ಹಂತದಲ್ಲಿ ಬಿಳಿಚಿಕೊಳ್ಳುವಿಕೆ ಮತ್ತು ಕಾಮಾಲೆ ಎಂಬ ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ವರದಿಯ ಅರ್ಧ ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಉಣ್ಣೆ ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1 ರಿಂದ 3 ವಾರ ಹಿಡಿಯುತ್ತದೆ. ಆದ್ದರಿಂದ ಇವತ್ತು ಕರುವಿನ ಮೈಮೇಲೆ ಉಣ್ಣೆ ಕಾಣದಿದ್ದರೆ ಇದು ಉಣ್ಣೆ ಜ್ವರವಲ್ಲ ಎಂದು ತೀರ್ಮಾನಿಸಬೇಡಿ.

2. ರಕ್ತಕ್ಕೆ ಮುಂಚೆ ಕರುವನ್ನು ನೋಡಿ, ನೋಡಿದ್ದನ್ನು ಬರೆದಿಡಿ

ಬೆಳಗಿನ ತಂಪಿನಲ್ಲಿ ಜ್ವರ ನೋಡಿ. ಆರೋಗ್ಯವಂತ ಕರುವಿನ ಮೈಬಿಸಿ 101.5 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಥೈಲೇರಿಯಾದಲ್ಲಿ 104 ರಿಂದ 107ರವರೆಗೂ ಏರುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ಬೇಸಿಗೆಯ ಮಧ್ಯಾಹ್ನ ತಗಡಿನ ಕೊಟ್ಟಿಗೆಯಲ್ಲಿ ಕಟ್ಟಿದ ಆರೋಗ್ಯವಂತ ಕರುವಿನಲ್ಲೂ ಥರ್ಮಾಮೀಟರ್ ಒಂದೆರಡು ಡಿಗ್ರಿ ಮೇಲೆ ತೋರಿಸಬಹುದು. ಬೆಳಗ್ಗೆ ನೋಡಿ ಎಂದು ಹೇಳಿದ್ದು ಅದಕ್ಕೇ.

ನಂತರ ಹೆಗಲ ಮುಂಭಾಗದ ಗಂಟನ್ನು ಎರಡೂ ಕಡೆ ಬೆರಳುಗಳಿಂದ ಹಿಡಿದು ನೋಡಿ. ಎಳೆಯ ಕರುವಿನಲ್ಲಿ ಕಷ್ಟಪಟ್ಟು ಹುಡುಕಿದರೆ ಮಾತ್ರ ಸಿಗುವ ಈ ಗಂಟು, ರೋಗ ಬಂದಾಗ ದೂರದಿಂದಲೇ ಕಣ್ಣಿಗೆ ಬೀಳುವಷ್ಟು ದಪ್ಪವಾಗಿ, ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಸಿಗುತ್ತದೆ. ಕೆಲವು ಕರುಗಳಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿ, ನೀರು ಸುರಿದು, ಕಪ್ಪುಗುಡ್ಡೆಯ ಮೇಲೆ ಹಾಲು ಕಟ್ಟಿದಂತೆ ಬೆಳ್ಳಗಾಗುವುದುಂಟು. ಕೆಳರೆಪ್ಪೆಯನ್ನು ಮಡಚಿ ಒಳಭಾಗದ ಬಣ್ಣ ನೋಡಿ: ನಸುಗೆಂಪು ಇದ್ದರೆ ನೆಮ್ಮದಿ, ಕಾಗದದಂತೆ ಬಿಳಿಚಿದ್ದರೆ ರಕ್ತ ಇಳಿದಿದೆ, ಹಳದಿ ಇದ್ದರೆ ಕಾಮಾಲೆ. ಅಲ್ಲಲ್ಲಿ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳಿದ್ದರೆ ಅದನ್ನೂ ಬರೆದುಕೊಳ್ಳಿ.

ಮೂತ್ರದ ಬಣ್ಣವನ್ನು ತಪ್ಪದೆ ಗಮನಿಸಿ. ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಬೆಬೇಸಿಯಾ ಎಂಬ ಇನ್ನೊಂದು ಉಣ್ಣೆ ರೋಗದ ಮುಖ್ಯ ಲಕ್ಷಣ. ಅಲ್ಲಿ ಕೆಂಪು ಕಣಗಳು ರಕ್ತನಾಳದ ಒಳಗೇ ಒಡೆಯುವುದರಿಂದ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತದೆ. ಥೈಲೇರಿಯಾದಲ್ಲಿ ಹೆಚ್ಚಿನ ಕಣಗಳು ರಕ್ತನಾಳದ ಹೊರಗೆ, ಗುಲ್ಮ ಯಕೃತ್ತುಗಳಲ್ಲಿ ನಾಶವಾಗುವುದರಿಂದ ಮೂತ್ರ ಸಾಮಾನ್ಯವಾಗಿ ಕೆಂಪಾಗುವುದಿಲ್ಲ, ಹಳದಿಯಾಗಬಹುದು. ಔಷಧಿ ಬೇರೆ ಬೇರೆಯಾದ್ದರಿಂದ ಈ ಒಂದು ಮಾಹಿತಿ ವೈದ್ಯರಿಗೆ ಬಹಳ ಬೆಲೆಯುಳ್ಳದ್ದು. ಬೆಬೇಸಿಯಾಕ್ಕೆ ಕೊಡುವ ಡಿಮಿನಾಜಿನ್ ಚುಚ್ಚುಮದ್ದು ಥೈಲೇರಿಯಾವನ್ನು ವಾಸಿ ಮಾಡುವುದಿಲ್ಲ.

ಊದಿದ ಗಂಟಿನ ಮೇಲೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ರೋಗ ಗಂಟಿನೊಳಗೆ ಮಾತ್ರ ಇರುವುದಿಲ್ಲ, ಮೈತುಂಬ ಹರಡಿರುತ್ತದೆ. ಬರೆಯಿಂದ ಕರುವಿಗೆ ಸಿಗುವುದು ನೋವು ಮತ್ತು ಹುಳು ಬೀಳುವ ಗಾಯ ಮಾತ್ರ.

3. ರಕ್ತದ ಮಾದರಿ ಕೆಡದಂತೆ ನೋಡಿಕೊಳ್ಳಿ

ವರದಿಯ ತಪ್ಪುಗಳಲ್ಲಿ ಹೆಚ್ಚಿನವು ಲ್ಯಾಬಿನಲ್ಲಿ ಆಗುವುದಿಲ್ಲ, ಕೊಟ್ಟಿಗೆಯಿಂದ ಲ್ಯಾಬಿಗೆ ಹೋಗುವ ದಾರಿಯಲ್ಲಿ ಆಗುತ್ತವೆ. ಕತ್ತಿನ ದೊಡ್ಡ ರಕ್ತನಾಳದಿಂದ ರಕ್ತ ತೆಗೆಯುವುದು ವೈದ್ಯರ ಅಥವಾ ತರಬೇತಿ ಪಡೆದ ಪಶುವೈದ್ಯಕೀಯ ಸಿಬ್ಬಂದಿಯ ಕೆಲಸ. ನಿಮ್ಮ ಕೆಲಸ ಕರುವನ್ನು ಗಾಬರಿಪಡಿಸದೆ ಹಿಡಿದುಕೊಳ್ಳುವುದು. ರಕ್ತ ತೀರಾ ಇಳಿದ ಕರುವನ್ನು ಬೆನ್ನಟ್ಟಿ ಹಿಡಿದರೆ, ಕೆಡವಿ ಕಟ್ಟಿದರೆ, ಅದು ಅಲ್ಲೇ ಉಸಿರು ಚೆಲ್ಲಬಹುದು. ಸಾಗಿಸುವ ಆಮ್ಲಜನಕವೇ ಕಡಿಮೆಯಿರುವಾಗ ಓಟವನ್ನು ಅದರ ಹೃದಯ ತಾಳುವುದಿಲ್ಲ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ವಸ್ತು ಇರುತ್ತದೆ. ರಕ್ತಕಣಗಳ ಎಣಿಕೆಗೆ ಇದೇ ಬೇಕು. ಗುರುತಿನ ಗೆರೆಯವರೆಗೆ ತುಂಬಿಸಿ, ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ಔಷಧಿ ಬಾಟಲಿಯಂತೆ ಕುಲುಕಿದರೆ ಕೆಂಪು ಕಣಗಳು ಟ್ಯೂಬಿನಲ್ಲೇ ಒಡೆಯುತ್ತವೆ. ತಿರುಗಿಸದೆ ಬಿಟ್ಟರೆ ಕಣ್ಣಿಗೆ ಕಾಣದ ಸಣ್ಣ ಹೆಪ್ಪುಗಳು ಉಂಟಾಗಿ ಕಿರುಬಿಲ್ಲೆಗಳ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ) ಎಣಿಕೆ ಸುಳ್ಳಾಗಿ ಕಡಿಮೆ ಬರುತ್ತದೆ.

ಕೆಂಪು ಮುಚ್ಚಳದ ಟ್ಯೂಬು ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರಿಗೆ. ಪ್ರೋಟೀನ್, ಬಿಲಿರುಬಿನ್, ಯಕೃತ್ತಿನ ಕಿಣ್ವಗಳು, ಯೂರಿಯಾ ಎಲ್ಲವನ್ನೂ ಇದರಲ್ಲೇ ನೋಡುತ್ತಾರೆ. ಗ್ಲೂಕೋಸಿನ ಸಂಗತಿ ಬೇರೆ: ಕಣಗಳಿಂದ ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಕಣಗಳೇ ಗ್ಲೂಕೋಸನ್ನು ತಿನ್ನುತ್ತಾ ಹೋಗುವುದರಿಂದ ಗಂಟೆಗಂಟೆಗೂ ಅದು ಇಳಿಯುತ್ತದೆ. ಜಗಳೂರಿನ ಒಂದು ಹಳ್ಳಿಯಿಂದ ಹೊರಟ ಟ್ಯೂಬು ಬಸ್ಸಿನಲ್ಲಿ ದಾವಣಗೆರೆ ತಲುಪಿ, ಲ್ಯಾಬಿನ ಮೇಜಿನ ಮೇಲೆ ಸರದಿ ಕಾದು, ಯಂತ್ರಕ್ಕೆ ಹೋಗುವಷ್ಟರಲ್ಲಿ ಗ್ಲೂಕೋಸ್ ಎಷ್ಟಿದ್ದರೂ ನಂಬುವಂತಿರುವುದಿಲ್ಲ. ಗ್ಲೂಕೋಸ್ ಬೇಕೇ ಬೇಕು ಎಂದಾದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ಕಳಿಸಿ.

ಟ್ಯೂಬುಗಳನ್ನು ಐಸ್ ಪ್ಯಾಕಿನ ಜೊತೆ, ಆದರೆ ನೇರವಾಗಿ ಐಸಿಗೆ ತಾಗದಂತೆ ಬಟ್ಟೆ ಸುತ್ತಿ ಇಡಿ. ಐಸಿಗೆ ತಾಗಿ ಮಂಜುಗಟ್ಟಿದ ಅಥವಾ ಬೈಕಿನ ಡಿಕ್ಕಿಯ ಬಿಸಿಯಲ್ಲಿ ಬೆಂದ ರಕ್ತದ ಕಣಗಳು ಒಡೆದು, ಸೀರಂ ಕೆಂಪಾಗಿ, ಎಎಸ್‌ಟಿ ಎಂಬ ಕಿಣ್ವ ಮತ್ತು ಪೊಟ್ಯಾಸಿಯಂ ಸುಮ್ಮಸುಮ್ಮನೆ ಏರಿರುತ್ತವೆ. ಮಾದರಿಯನ್ನು ಔಷಧಿ ಕೊಡುವ ಮೊದಲೇ ತೆಗೆಸಿ; ಹಾಗೆಂದು ಲ್ಯಾಬಿನ ವರದಿಗೆ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡಬೇಡಿ.

4. ರಕ್ತ ಲೇಪನವನ್ನು ಬಿಡಬೇಡಿ, ಅದೊಂದನ್ನೇ ನಂಬಲೂ ಬೇಡಿ

ಕಿವಿಯ ಅಂಚಿನ ಸಣ್ಣ ರಕ್ತನಾಳದಿಂದ ಒಂದು ಹನಿ ತೆಗೆದು, ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಗಾಳಿಯಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಅದ್ದಿ ಜೀಮ್ಸಾ ಬಣ್ಣ ಹಾಕಿದಾಗ, ಪರಾವಲಂಬಿ ಕೆಂಪು ಕಣದೊಳಗೆ ಉಂಗುರದಂತೆ, ಅಲ್ಪವಿರಾಮದಂತೆ ಅಥವಾ ಸಣ್ಣ ಕಡ್ಡಿಯಂತೆ ಕಾಣುತ್ತದೆ. ಒದ್ದೆ ಸ್ಲೈಡುಗಳನ್ನು ಒಂದರ ಮೇಲೊಂದು ಇಟ್ಟು ಕಾಗದದಲ್ಲಿ ಸುತ್ತಿ ಕಳಿಸಿದರೆ ನೋಡಲು ಏನೂ ಉಳಿದಿರುವುದಿಲ್ಲ. ನೊಣ ಕೂತ ಸ್ಲೈಡೂ ಹಾಗೆಯೇ.

ಇಲ್ಲಿ ಎರಡು ದಿಕ್ಕಿನ ತಪ್ಪುಗಳಾಗುತ್ತವೆ. ರೋಗದ ಮೊದಲ ಹಂತದಲ್ಲಿ ಪರಾವಲಂಬಿ ಇನ್ನೂ ಬಿಳಿ ಕಣಗಳಲ್ಲೇ ಇರುವುದರಿಂದ ಲೇಪನದಲ್ಲಿ ಏನೂ ಕಾಣದೆ ‘ನೆಗೆಟಿವ್’ ಎಂದು ಬರಬಹುದು. ಅಂಥ ಕರುವಿನ ಊದಿದ ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವದ ಲೇಪನದಲ್ಲಿ ‘ಕಾಕ್ ನೀಲಿಕಾಯ’ಗಳೆಂದು ಹೆಸರಾದ ಪರಾವಲಂಬಿಯ ಬಹುಕೇಂದ್ರಕ ರೂಪ ಸಿಗುತ್ತದೆ, ಅದನ್ನು ನೋಡಲು ವೈದ್ಯರನ್ನು ಕೇಳಿಕೊಳ್ಳಿ. ಇನ್ನೊಂದು ದಿಕ್ಕಿನ ತಪ್ಪು, ಗುಣವಾದ ದನಗಳ ರಕ್ತದಲ್ಲಿ ಪರಾವಲಂಬಿ ತಿಂಗಳುಗಟ್ಟಲೆ ಅಲ್ಪ ಪ್ರಮಾಣದಲ್ಲಿ ಉಳಿಯುವುದರಿಂದ ಆಗುವಂಥದ್ದು. ನಮ್ಮ ನಾಟಿ ದನಗಳು ಸೋಂಕು ತಗುಲಿದರೂ ಮಿಶ್ರತಳಿಗಳಷ್ಟು ನೆಲ ಹಿಡಿಯುವುದಿಲ್ಲ. ಅಂಥ ದನದ ಲೇಪನದಲ್ಲಿ ಒಂದೆರಡು ಉಂಗುರ ಕಂಡ ಮಾತ್ರಕ್ಕೆ ಅದರ ಈಗಿನ ಕಾಯಿಲೆಗೆ ಅದೇ ಕಾರಣ ಎನ್ನಲಾಗದು. ಲೇಪನ, ಗಂಟು, ಜ್ವರ, ರಕ್ತದ ಮಟ್ಟ ಎಲ್ಲವೂ ಒಂದೇ ಕಡೆ ಬೆರಳು ಮಾಡಬೇಕು.

5. ರಕ್ತಕಣಗಳ ಭಾಗವನ್ನು ಓದುವುದು

ಪೇಟೆಯಲ್ಲಿ ಬಹುಮಂದಿ ಮಾದರಿ ಕೊಡುವುದು ಮನುಷ್ಯರ ಲ್ಯಾಬಿಗೆ. ಅಲ್ಲಿಂದ ಬರುವ ಹಾಳೆಯ ಬಲಬದಿಯಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಟ್ಟ’ ಮನುಷ್ಯರದ್ದು. ಹಿಮೋಗ್ಲೋಬಿನ್ 10 ಎಂದು ಬಂದರೆ ಯಂತ್ರ ಅದರ ಮುಂದೆ ಕಡಿಮೆ ಎಂಬ ಗುರುತು ಹಾಕುತ್ತದೆ. ದನಕ್ಕೆ ಅದು ಸರಿಯಾದ ಮಟ್ಟವೇ. ದನದ ಕೆಂಪು ಕಣ ಮನುಷ್ಯರ ಕಣಕ್ಕಿಂತ ಬಹಳ ಚಿಕ್ಕದು, ಗಾತ್ರದಲ್ಲಿ ಸುಮಾರು ಅರ್ಧ ಮಾತ್ರ. ಮನುಷ್ಯರಿಗೆಂದು ಹೊಂದಿಸಿದ ಯಂತ್ರ ಚಿಕ್ಕ ಕೆಂಪು ಕಣವನ್ನು ಕಿರುಬಿಲ್ಲೆ ಎಂದು ತಪ್ಪಾಗಿ ಎಣಿಸಬಹುದು. ಆದ್ದರಿಂದ ಪ್ರಾಣಿಗಳಿಗೆ ಹೊಂದಿಸಿದ ಯಂತ್ರ ಇರುವಲ್ಲಿ, ಉದಾಹರಣೆಗೆ ಸರ್ಕಾರಿ ಪಶು ರೋಗನಿದಾನ ಪ್ರಯೋಗಾಲಯ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಂಥ ಕಡೆ, ಪರೀಕ್ಷೆ ಸಾಧ್ಯವೇ ಎಂದು ಮೊದಲು ನಿಮ್ಮ ವೈದ್ಯರನ್ನು ಕೇಳಿ. ಬೇರೆ ದಾರಿಯೇ ಇಲ್ಲದಿದ್ದರೆ, ಅಚ್ಚಾದ ಮಟ್ಟವನ್ನು ಪೆನ್ನಿನಿಂದ ಹೊಡೆದುಹಾಕಿ ಕೆಳಗಿನ ಅಂಕಿಗಳ ಜೊತೆ ಹೋಲಿಸಿ.

ಬೆಳೆದ ದನಗಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 8 ರಿಂದ 15 ಗ್ರಾಂ, ಕೆಂಪು ಕಣ ಮೈಕ್ರೋಲೀಟರಿಗೆ 50 ಲಕ್ಷದಿಂದ 1 ಕೋಟಿ, ಬಿಳಿ ಕಣ 4,000 ದಿಂದ 12,000, ಕಿರುಬಿಲ್ಲೆ 1 ಲಕ್ಷದಿಂದ 8 ಲಕ್ಷ ಇರುತ್ತವೆ. ಪಿಸಿವಿ ಎಂಬುದು ರಕ್ತವನ್ನು ತೆಳು ಗಾಜಿನ ನಳಿಕೆಯಲ್ಲಿ ಹಾಕಿ ವೇಗವಾಗಿ ತಿರುಗಿಸಿದಾಗ ತಳದಲ್ಲಿ ಕೂರುವ ಕೆಂಪು ಕಣಗಳ ಶೇಕಡಾ ಪ್ರಮಾಣ; ಅದು 24 ರಿಂದ 46 ಇರುತ್ತದೆ. ಹಾಲೇ ಮುಖ್ಯ ಆಹಾರವಾಗಿರುವ ಎಳೆಗರುವಿನಲ್ಲಿ ಹುಟ್ಟಿದ ಮೊದಲ ವಾರಗಳಲ್ಲಿ ರೋಗವಿಲ್ಲದೆಯೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ ಎಂಬುದು ಗಮನದಲ್ಲಿರಲಿ.

ಪಿಸಿವಿ ನಳಿಕೆಯನ್ನು ಕಣ್ಣಾರೆ ನೋಡಲು ಸಿಕ್ಕರೆ ಬಿಡಬೇಡಿ. ತಳದಲ್ಲಿ ಕಡುಗೆಂಪು ಕಂಬ, ಅದರ ಮೇಲೆ ಬಿಳಿ ಕಣಗಳ ದಾರದಷ್ಟು ತೆಳುವಾದ ಪದರ, ಮೇಲೆ ಪ್ಲಾಸ್ಮಾ ಎಂಬ ತಿಳಿದ್ರವ. ಹಾಲು ಕುಡಿಯುವ ಕರುವಿನ ಪ್ಲಾಸ್ಮಾ ಹೆಚ್ಚುಕಡಿಮೆ ಬಣ್ಣವಿಲ್ಲದೆ ಇರಬೇಕು. ಅದು ಅರಿಶಿನ ನೀರಿನಂತಿದ್ದರೆ ಬಿಲಿರುಬಿನ್ ಏರಿದೆ. ಗುಲಾಬಿ ಬಣ್ಣವಿದ್ದರೆ ಕಣಗಳು ಒಡೆದಿವೆ, ಮೈಯೊಳಗೋ ಟ್ಯೂಬಿನೊಳಗೋ ಎಂಬುದನ್ನು ಮೂತ್ರದ ಬಣ್ಣದಿಂದ ತೀರ್ಮಾನಿಸಬೇಕು. ಹಸಿರು ಮೇವು ತಿನ್ನುವ ದೊಡ್ಡ ಹಸುವಿನ ಪ್ಲಾಸ್ಮಾ ಸಹಜವಾಗಿಯೇ ತುಸು ಹಳದಿ ಇರುವುದರಿಂದ ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಥೈಲೇರಿಯಾದಲ್ಲಿ ಹಿಮೋಗ್ಲೋಬಿನ್, ಪಿಸಿವಿ, ಕೆಂಪು ಕಣ ಮೂರೂ ಒಟ್ಟಿಗೆ ಇಳಿಯುತ್ತವೆ. ವರದಿ ನಂಬಲರ್ಹವೇ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ: ಹಿಮೋಗ್ಲೋಬಿನ್ನನ್ನು 3ರಿಂದ ಗುಣಿಸಿದರೆ ಪಿಸಿವಿಗೆ ಹತ್ತಿರದ ಸಂಖ್ಯೆ ಬರಬೇಕು. ಹಿಮೋಗ್ಲೋಬಿನ್ 6 ಇದ್ದು ಪಿಸಿವಿ 30 ಎಂದಿದ್ದರೆ ಎಲ್ಲೋ ಎಡವಟ್ಟಾಗಿದೆ. ಬಿಳಿ ಕಣಗಳು ಶುರುವಿನಲ್ಲಿ ಏರಬಹುದು, ನಂತರ ಇಳಿಯುತ್ತವೆ, ವಿಶೇಷವಾಗಿ ಲಿಂಫೋಸೈಟ್ ಎಂಬ ಬಗೆಯವು. ಕಿರುಬಿಲ್ಲೆಗಳೂ ಇಳಿಯುತ್ತವೆ, ಒಸಡಿನ ಮೇಲಿನ ಕೆಂಪು ಚುಕ್ಕೆಗಳಿಗೂ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ಜಿನುಗುವುದಕ್ಕೂ ಇದು ಒಂದು ಕಾರಣ.

6. ಜೀವರಾಸಾಯನಿಕ ಭಾಗವನ್ನು ಓದುವುದು

ಕೆಂಪು ಕಣಗಳು ಒಡೆದಾಗ ಹೊರಬರುವ ಹಿಮೋಗ್ಲೋಬಿನ್ ಕೊನೆಗೆ ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಯಕೃತ್ತು ಅದನ್ನು ಪಿತ್ತಕ್ಕೆ ಸೇರಿಸಿ ಹೊರಹಾಕಬೇಕು. ಆರೋಗ್ಯವಂತ ಕರುವಿನಲ್ಲಿ ಇದು ಡೆಸಿಲೀಟರಿಗೆ ಅರ್ಧ ಮಿಲಿಗ್ರಾಮಿನ ಒಳಗಿರುತ್ತದೆ. ಏರಿದಾಗ, ವರದಿಯಲ್ಲಿ ‘ಇನ್‌ಡೈರೆಕ್ಟ್’ ಎಂಬ ಸಾಲು ಹೆಚ್ಚಿದ್ದರೆ ಮುಖ್ಯ ಕಾರಣ ಕಣಗಳ ನಾಶ ಎಂದೂ, ದಿನ ಕಳೆದಂತೆ ‘ಡೈರೆಕ್ಟ್’ ಸಾಲು ಕೂಡ ಏರುತ್ತಿದ್ದರೆ ಯಕೃತ್ತು ಪೆಟ್ಟು ತಿಂದಿದೆ ಎಂದೂ ತಿಳಿಯಬಹುದು.

ಯಕೃತ್ತಿನ ಕಿಣ್ವಗಳಲ್ಲಿ ಎಎಸ್‌ಟಿ, ಹಳೆಯ ವರದಿಗಳಲ್ಲಿ ಎಸ್‌ಜಿಒಟಿ, ಥೈಲೇರಿಯಾದಲ್ಲಿ ಏರುವುದು ಸಾಮಾನ್ಯ. ಆದರೆ ಇದು ಸ್ನಾಯುವಿನಲ್ಲೂ ಇರುವ ಕಿಣ್ವ. ಎರಡು ದಿನದಿಂದ ಮಲಗಿಯೇ ಇರುವ, ತೊಡೆಗೆ ನಾಲ್ಕಾರು ಇಂಜೆಕ್ಷನ್ ಬಿದ್ದಿರುವ ಕರುವಿನಲ್ಲಿ ಯಕೃತ್ತು ಚೆನ್ನಾಗಿದ್ದರೂ ಎಎಸ್‌ಟಿ ಏರಿರುತ್ತದೆ. ಜಿಜಿಟಿ ಎಂಬ ಇನ್ನೊಂದು ಕಿಣ್ವ ಯಕೃತ್ತನ್ನು ಹೆಚ್ಚು ಖಚಿತವಾಗಿ ಹೇಳುತ್ತದೆ, ಆದರೆ ಗಿಣ್ಣುಹಾಲಿನಲ್ಲಿ ಅದು ಹೇರಳವಾಗಿರುವುದರಿಂದ ಹುಟ್ಟಿದ ಮೊದಲ ವಾರಗಳ ಕರುವಿನಲ್ಲಿ ಅದರ ಏರಿಕೆಗೆ ಅರ್ಥವಿಲ್ಲ. ಎಎಲ್‌ಪಿ ಎಂಬ ಕಿಣ್ವ ಮೂಳೆ ಬೆಳೆಯುವ ವಯಸ್ಸಿನಲ್ಲಿ ಸಹಜವಾಗಿಯೇ ಹೆಚ್ಚು. ಅದರ ಮುಂದೆ ಕಂಡ ಗುರುತಿಗೆ ಗಾಬರಿಯಾಗಬೇಡಿ.

ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅಲ್ಬುಮಿನ್‌ಗೆ ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಯಕೃತ್ತು ತಯಾರಿಸುವ ಈ ಪ್ರೋಟೀನ್ ಸಾಮಾನ್ಯವಾಗಿ 3 ರಿಂದ 3.6 ಗ್ರಾಂ ಇದ್ದು, ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಕರು ಮೇವು ಬಿಟ್ಟಾಗ, ಯಕೃತ್ತು ಸೋತಾಗ, ಥೈಲೇರಿಯಾದಲ್ಲಿ ನಾಲ್ಕನೆಯ ಹೊಟ್ಟೆಯಲ್ಲಿ ಆಗುವ ಹುಣ್ಣುಗಳಿಂದ ಸೋರಿದಾಗ ಇದು ಇಳಿಯುತ್ತದೆ. ಹುಣ್ಣಿನಿಂದ ರಕ್ತ ಹೋಗುತ್ತಿದ್ದರೆ ಸಗಣಿ ಡಾಂಬರಿನಂತೆ ಕಪ್ಪಾಗುತ್ತದೆ. ಅಲ್ಬುಮಿನ್ ತೀರಾ ಕೆಳಗಿಳಿದಾಗ ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣುತ್ತದೆ. ಇದರ ಜೊತೆಗೆ ಕ್ಯಾಲ್ಸಿಯಂ ಕೂಡ ಕಡಿಮೆ ಎಂದು ಬರುತ್ತದೆ, ಏಕೆಂದರೆ ರಕ್ತದ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟು ಪ್ರೋಟೀನಿಗೆ, ಅದರಲ್ಲೂ ಅಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಆ ಒಂದು ಅಂಕಿ ನೋಡಿ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಏರಿಸುವುದು ದುರ್ಬಲ ಹೃದಯದ ಕರುವಿಗೆ ಅಪಾಯಕಾರಿ.

ಯೂರಿಯಾ ಮತ್ತು ಕ್ರಿಯಾಟಿನಿನ್ ಮೂತ್ರಪಿಂಡದ ಸೂಚಕಗಳು. ಎರಡೂ ಏರಿದ್ದರೆ ನಿರ್ಜಲತೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು. ಯೂರಿಯಾ ಮಾತ್ರ ಏರಿದ್ದರೆ ಮೈಯ ಸ್ನಾಯು ಕರಗುತ್ತಿರುವುದು ಅಥವಾ ಹೊಟ್ಟೆಯಲ್ಲಿ ರಕ್ತ ಸೋರುತ್ತಿರುವುದು ಸಾಧ್ಯ. ಗ್ಲೂಕೋಸ್ ಮೇವು ಬಿಟ್ಟ ಕರುವಿನಲ್ಲಿ ಇಳಿಯುತ್ತದೆ. ದೊಡ್ಡ ದನದ ಮಟ್ಟ 45 ರಿಂದ 75 ಮಿಲಿಗ್ರಾಂ ಆದರೂ ಹಾಲು ಕುಡಿಯುವ ಕರುವಿನಲ್ಲಿ ಅದಕ್ಕಿಂತ ಹೆಚ್ಚಿರುವುದು ಸಹಜ. ಹಾಗಾಗಿ ಒಂದು ತಿಂಗಳ ಕರುವಿನಲ್ಲಿ 50 ಬಂದರೆ ಪುಸ್ತಕದ ಪ್ರಕಾರ ಸರಿ, ನಿಜದಲ್ಲಿ ಕಡಿಮೆ.

7. ಒಂದು ವರದಿಯನ್ನು ಕೂಡಿ ಓದೋಣ

ಉದಾಹರಣೆಗಾಗಿ ಒಂದು ವರದಿಯನ್ನು ಕಲ್ಪಿಸಿಕೊಳ್ಳಿ. ಮೂರು ತಿಂಗಳ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹೆಣ್ಣುಗರು, ತೂಕ 70 ಕಿಲೋ, ಜ್ವರ ಬಂದು ಆರನೆಯ ದಿನ. ಹಿಮೋಗ್ಲೋಬಿನ್ 5.4, ಪಿಸಿವಿ 17, ಬಿಳಿ ಕಣ 4,100, ಅದರಲ್ಲಿ ಲಿಂಫೋಸೈಟ್ ಶೇಕಡಾ 38, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಶೇಕಡಾ 55, ಕಿರುಬಿಲ್ಲೆ 90,000. ಒಟ್ಟು ಪ್ರೋಟೀನ್ 5.6, ಅಲ್ಬುಮಿನ್ 2, ಬಿಲಿರುಬಿನ್ 2.1, ಅದರಲ್ಲಿ ಇನ್‌ಡೈರೆಕ್ಟ್ 1.6, ಎಎಸ್‌ಟಿ 210, ಗ್ಲೂಕೋಸ್ 36. ಮಾದರಿ ಕೆಂಪು ಟ್ಯೂಬಿನಲ್ಲಿ ನಾಲ್ಕು ಗಂಟೆ ಕಳೆದು ಲ್ಯಾಬು ಸೇರಿದೆ.

ಮೊದಲು ನಂಬಿಕೆಯ ಪರೀಕ್ಷೆ: 5.4ನ್ನು 3ರಿಂದ ಗುಣಿಸಿದರೆ 16.2, ಪಿಸಿವಿ 17, ಸರಿಹೊಂದಿದೆ. ಗ್ಲೂಕೋಸನ್ನು ಪಕ್ಕಕ್ಕಿಡಿ, ನಾಲ್ಕು ಗಂಟೆಯ ಮಾದರಿ ಅದಕ್ಕೆ ಸಾಕ್ಷಿಯಾಗದು. ನ್ಯೂಟ್ರೋಫಿಲ್ ಶೇಕಡಾ 55 ಎಂಬುದನ್ನು ನೋಡಿ ಬೇರೆ ಸೋಂಕು ಸೇರಿಕೊಂಡಿದೆ ಎಂದು ಆ್ಯಂಟಿಬಯೋಟಿಕ್ ಸುರಿಯುವವರಿದ್ದಾರೆ. ಶೇಕಡಾವನ್ನು ಸಂಖ್ಯೆಗೆ ತಿರುಗಿಸಿ: 4,100ರಲ್ಲಿ 55 ಪ್ರತಿಶತ ಸುಮಾರು 2,255, ದನಗಳಲ್ಲಿ ಅದು ಮಿತಿಯೊಳಗೇ ಇದೆ. ಲಿಂಫೋಸೈಟ್ ಸುಮಾರು 1,560. ಇರಬೇಕಾದದ್ದು 2,500ಕ್ಕಿಂತ ಹೆಚ್ಚು. ಅಂದರೆ ನ್ಯೂಟ್ರೋಫಿಲ್ ಏರಿಲ್ಲ, ಲಿಂಫೋಸೈಟ್ ಕುಸಿದದ್ದರಿಂದ ಏರಿದಂತೆ ಕಾಣುತ್ತಿದೆ. ಬಿಲಿರುಬಿನ್ನಿನ ಹೆಚ್ಚಿನ ಪಾಲು ಇನ್‌ಡೈರೆಕ್ಟ್ ಆಗಿರುವುದರಿಂದ ಕಣಗಳ ನಾಶ ಇನ್ನೂ ನಡೆಯುತ್ತಿದೆ. ನಾಳೆ ನಾಡಿದ್ದು ಪಿಸಿವಿ ಇನ್ನೂ ಇಳಿಯಬಹುದು ಎಂದು ಸಿದ್ಧವಾಗಿರಬೇಕು. ಅಲ್ಬುಮಿನ್ 2 ಇರುವುದರಿಂದ ಸಲೈನ್ ಏರಿಸುವಾಗ ಕೈ ಬಿಗಿಹಿಡಿಯಬೇಕು. ಬಾಟಲಿಗಟ್ಟಲೆ ಸಲೈನ್ ಇದ್ದಬದ್ದ ಕೆಂಪು ಕಣಗಳನ್ನು ಇನ್ನಷ್ಟು ತೆಳುವಾಗಿಸಿ, ಮೊದಲೇ ತೊಂದರೆಯಲ್ಲಿರುವ ಶ್ವಾಸಕೋಶಕ್ಕೆ ನೀರು ತುಂಬಿಸುತ್ತದೆ.

8. ಚಿಕಿತ್ಸೆಯ ವೇಳೆ ನಿಮಗೆ ತಿಳಿದಿರಬೇಕಾದದ್ದು

ಥೈಲೇರಿಯಾಕ್ಕೆ ನಿರ್ದಿಷ್ಟವಾದ ಔಷಧಿ ಬುಪಾರ್ವಕ್ವೋನ್. ಕಿಲೋ ತೂಕಕ್ಕೆ 2.5 ಮಿಲಿಗ್ರಾಮಿನಂತೆ ಕತ್ತಿನ ಸ್ನಾಯುವಿಗೆ ಕೊಡುತ್ತಾರೆ. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಔಷಧಿಯಾದರೆ 20 ಕಿಲೋಗೆ 1 ಮಿಲಿಲೀಟರ್, ನಮ್ಮ ಉದಾಹರಣೆಯ ಕರುವಿಗೆ 3.5 ಮಿಲಿಲೀಟರ್. ತೂಕವನ್ನು ಅಂದಾಜಿನಲ್ಲಿ ಕಡಿಮೆ ಹೇಳಿ ದುಬಾರಿ ಔಷಧಿಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಜ್ವರ ಇಳಿಯದಿದ್ದರೆ 48 ರಿಂದ 72 ಗಂಟೆಗಳ ನಂತರ ಇನ್ನೊಂದು ಡೋಸ್ ಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಗಂಟು ಊದಿ ಜ್ವರ ಬಂದ ಮೊದಲ ದಿನಗಳಲ್ಲಿ ಕೊಟ್ಟಾಗ ಈ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರು ಬಿಳಿಚಿ ನೆಲ ಹಿಡಿದ ಮೇಲೆ ಕೊಟ್ಟರೆ ಪರಾವಲಂಬಿ ಸತ್ತರೂ ಕರು ಉಳಿಯದಿರಬಹುದು.

ಪಿಸಿವಿ 12ರ ಆಸುಪಾಸಿಗೆ ಇಳಿದು, ಕರು ನಿಂತಲ್ಲೇ ಏದುಸಿರು ಬಿಡುತ್ತಿದ್ದರೆ ರಕ್ತ ಕೊಡುವುದೇ ದಾರಿ. ಉಣ್ಣೆ ರೋಗವಿಲ್ಲದ ಆರೋಗ್ಯವಂತ ದೊಡ್ಡ ದನದಿಂದ ತೆಗೆದ ರಕ್ತವನ್ನು ಕರುವಿನ ಕಿಲೋ ತೂಕಕ್ಕೆ 10 ರಿಂದ 15 ಮಿಲಿಲೀಟರಿನಂತೆ ಏರಿಸುತ್ತಾರೆ. ದನಗಳಲ್ಲಿ ಮೊದಲ ಸಲದ ರಕ್ತ ಸಾಮಾನ್ಯವಾಗಿ ಒಗ್ಗುತ್ತದೆ. ಹತ್ತು ದಿನ ಕಳೆದು ಅದೇ ದನದ ರಕ್ತವನ್ನು ಮತ್ತೆ ಕೊಟ್ಟರೆ ಅಪಾಯ ಹೆಚ್ಚು. ಮೊದಲ ಹತ್ತು ಹದಿನೈದು ನಿಮಿಷ ಹನಿಹನಿಯಾಗಿ ಹೋಗಬೇಕು. ನಡುಕ, ಚರ್ಮದ ಮೇಲೆ ದದ್ದು, ಉಸಿರುಗಟ್ಟುವಿಕೆ ಕಂಡರೆ ತಕ್ಷಣ ವೈದ್ಯರಿಗೆ ಹೇಳಿ ನಿಲ್ಲಿಸಬೇಕು. ಹಳ್ಳಿಯಲ್ಲೇ ಇದನ್ನು ಮಾಡಬಲ್ಲ ವೈದ್ಯರಿದ್ದಾರೆ. ತುರ್ತಿಗೆ 1962ಕ್ಕೆ ಕರೆ ಮಾಡಿ ಪಶು ಸಂಜೀವಿನಿ ವಾಹನವನ್ನು ಕೇಳಬಹುದು.

ಜ್ವರ ಬೇಗ ಇಳಿಯಲೆಂದು ಸ್ಟಿರಾಯ್ಡ್ ಹಾಕಿಸಿಕೊಳ್ಳುವ ಆತುರ ಬೇಡ. ರೋಗನಿರೋಧಕ ಶಕ್ತಿಯನ್ನು ಅದು ಇನ್ನಷ್ಟು ಕುಗ್ಗಿಸುತ್ತದೆ. ಕಬ್ಬಿಣಾಂಶದ ಟಾನಿಕ್ಕು, ಬಿ-12 ಎಲ್ಲವೂ ಚೇತರಿಕೆಗೆ ನೆರವು. ಪರಾವಲಂಬಿಯ ಔಷಧಿಯ ಬದಲಿಗೆ ಅಲ್ಲ.

9. ಎರಡನೆಯ ವರದಿ ಮೊದಲನೆಯದಕ್ಕಿಂತ ಮುಖ್ಯ

ಜ್ವರ ಇಳಿದು ಕರು ಹಾಲು ಕುಡಿಯತೊಡಗಿದ ಕೂಡಲೇ ಹೆಚ್ಚಿನವರು ಪರೀಕ್ಷೆ ನಿಲ್ಲಿಸುತ್ತಾರೆ. ಚಿಕಿತ್ಸೆಯ ಮೂರನೆಯ ಅಥವಾ ನಾಲ್ಕನೆಯ ದಿನ ಪಿಸಿವಿಯನ್ನಾದರೂ ಮತ್ತೆ ನೋಡಿಸಿ. ಔಷಧಿ ಕೊಟ್ಟ ನಂತರವೂ ಹಾಳಾದ ಕಣಗಳನ್ನು ಗುಲ್ಮ ತೆಗೆಯುತ್ತಲೇ ಇರುವುದರಿಂದ ಪಿಸಿವಿ ಮತ್ತೆರಡು ಅಂಕ ಇಳಿದರೆ ಅದನ್ನು ಔಷಧಿಯ ಸೋಲು ಎನ್ನಬೇಕಾಗಿಲ್ಲ. ಜ್ವರ ಮತ್ತೆ ಏರಿದೆಯೇ, ಗಂಟು ಕರಗುತ್ತಿದೆಯೇ ಎಂಬುದನ್ನು ಜೊತೆಗೆ ನೋಡಿ.

ಎರಡು ವಾರದ ಹೊತ್ತಿಗೆ ಲ್ಯಾಬಿನವರು ಲೇಪನದಲ್ಲಿ ‘ರೆಟಿಕ್ಯುಲೋಸೈಟ್’ ಎಂಬ ಎಳೆಯ ಕೆಂಪು ಕಣಗಳನ್ನು ಕಂಡರೆ ಅದು ಒಳ್ಳೆಯ ಸುದ್ದಿ. ಆರೋಗ್ಯವಂತ ದನದ ರಕ್ತದಲ್ಲಿ ಇವು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೂಳೆಮಜ್ಜೆ ಹೊಸ ಕಣಗಳನ್ನು ಅವಸರದಲ್ಲಿ ಹೊರಬಿಡುತ್ತಿದೆ ಎಂಬುದರ ಗುರುತು ಅದು. ಅವು ಕಾಣದೆ, ಪಿಸಿವಿಯೂ ಏರದೆ ಇದ್ದರೆ ಮಜ್ಜೆ ಸುಧಾರಿಸಿಲ್ಲ, ಅಥವಾ ಹೊಟ್ಟೆಹುಳುವಿನಂಥ ಬೇರೆ ಸೋರಿಕೆ ಇದೆ. ಸಗಣಿ ಪರೀಕ್ಷೆ ಮಾಡಿಸಿ. ಅಲ್ಬುಮಿನ್ ನಿಧಾನವಾಗಿ ಏರುತ್ತದೆ, ಕರುವಿನ ಕೂದಲು ಹೊಳಪು ಪಡೆಯಲು ಅದಕ್ಕಿಂತಲೂ ತಡವಾಗುತ್ತದೆ. ಈ ವಾರಗಳಲ್ಲಿ ಬಿಸಿಲಲ್ಲಿ ಕಟ್ಟಬೇಡಿ, ದೂರ ನಡೆಸಬೇಡಿ, ಮಾರಾಟಕ್ಕೆ ಲಾರಿ ಹತ್ತಿಸಬೇಡಿ. ಒಂದೇ ಸಲಕ್ಕೆ ಹೊಟ್ಟೆ ತುಂಬ ಕೊಡುವ ಬದಲು ಹಾಲನ್ನು ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಎಳೆ ಹಸಿರು ಮೇವು ಮತ್ತು ಕರುವಿನ ಹಿಂಡಿಯನ್ನು ಹಸಿವು ನೋಡಿಕೊಂಡು ಏರಿಸಿ.

10. ಕೊಟ್ಟಿಗೆಯ ಕೆಲಸ

ಹಯಲೋಮಾ ಉಣ್ಣೆ ಕಚ್ಚಿದ ತಕ್ಷಣ ರೋಗ ದಾಟಿಸುವುದಿಲ್ಲ. ಅದರ ಜೊಲ್ಲುಗ್ರಂಥಿಯಲ್ಲಿ ಪರಾವಲಂಬಿ ಬಲಿಯಲು ಅದು ಎರಡು ಮೂರು ದಿನ ರಕ್ತ ಹೀರಬೇಕು. ಆದ್ದರಿಂದ ಕಿವಿಯ ಒಳಭಾಗ, ಬಾಲದ ಬುಡ, ಹಿಂಗಾಲ ಸಂದುಗಳನ್ನು ದಿನವೂ ನೋಡಿ ಕಿತ್ತು ತೆಗೆಯುವ ಮನೆಗೆ ಇದರಿಂದಲೇ ದೊಡ್ಡ ಲಾಭವಿದೆ. ಕಿತ್ತದ್ದನ್ನು ನೆಲಕ್ಕೆ ಎಸೆಯದೆ ಸೋಪಿನ ನೀರಿನ ಡಬ್ಬಿಗೆ ಹಾಕಿ, ಬರಿಗೈಯಲ್ಲಿ ಹಿಸುಕಬೇಡಿ.

ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮುಂತಾದ ಸಿಂಪಡಣೆಗಳನ್ನು ಡಬ್ಬಿಯ ಮೇಲಿನ ಪ್ರಮಾಣದಂತೆಯೇ, ತಂಪು ಹೊತ್ತಿನಲ್ಲಿ, ಕರು ನೀರು ಕುಡಿದ ಮೇಲೆ, ಮೂತಿ ಮತ್ತು ಕಣ್ಣಿಗೆ ತಾಗದಂತೆ ಬಳಸಿ. ರೋಗದಿಂದ ಸೊರಗಿದ ಕರುವಿಗೆ ವೈದ್ಯರನ್ನು ಕೇಳದೆ ಸಿಂಪಡಿಸಬೇಡಿ. ಮೈಮೇಲೆ ಮಾತ್ರ ಹೊಡೆದು ಗೋಡೆ ಬಿಟ್ಟರೆ ಎರಡು ಮೂರು ವಾರಕ್ಕೆ ಬಿರುಕಿನಿಂದ ಹೊಸ ಪಡೆ ಹೊರಡುತ್ತದೆ. ಮಣ್ಣಿನ ಗೋಡೆ, ಚಪ್ಪಡಿ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಸುಣ್ಣ ಬಳಿಸಿ.

ಮುಂಜಾಗ್ರತೆಗೆ ಭಾರತದಲ್ಲೇ ತಯಾರಾಗುವ ‘ರಕ್ಷಾವ್ಯಾಕ್-ಟಿ’ ಎಂಬ ಜೀವಂತ ಲಸಿಕೆ ಇದೆ. ದ್ರವ ನೈಟ್ರೋಜನ್‌ನಲ್ಲಿ ಇಟ್ಟು ಸಾಗಿಸಬೇಕಾದ್ದರಿಂದ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಬೇಕಾದವರು ಹತ್ತಾರು ಮಂದಿ ಸೇರಿ ಹಾಲಿನ ಡೇರಿಯ ಮೂಲಕ ಅಥವಾ ತಾಲ್ಲೂಕು ಪಶು ಆಸ್ಪತ್ರೆಯ ಮೂಲಕ ಒಟ್ಟಿಗೆ ಕೇಳಿದರೆ ತರಿಸುವುದು ಸುಲಭ. ಜ್ವರವಿರುವ ಕರುವಿಗೆ ಇದನ್ನು ಹಾಕಿಸುವಂತಿಲ್ಲ. ಸಂತೆಯಿಂದ ತಂದ ಹೊಸ ಕರುವನ್ನು ಮೂರು ವಾರ ಬೇರೆ ಕಟ್ಟಿ, ದಿನವೂ ಬೆಳಗ್ಗೆ ಜ್ವರ ನೋಡಿ, ಹೆಗಲ ಗಂಟನ್ನು ಮುಟ್ಟಿ ನೋಡಿದ ಮೇಲೆಯೇ ಹಳೆಯ ಕರುಗಳ ಸಾಲಿಗೆ ಸೇರಿಸಿ.